ಮಾರ್ವಾಳ ಅಡುಗೆಮನೆ ಬಾಲ ಬೀಸಿದ್ದು

ವಾಮ್ಸಟರ್‌ನಿಂದ ರಾಲಿನ್ಸ್ ಕಡೆಗೆ ಹೋಗುವ ಹೆದ್ದಾರಿಯ ಆಸುಪಾಸಿನವರು ಗಾಳಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಇವತ್ತು ಹೆಂಗಿದೆ?" ಎಂದರೆ ಸಾಕು, ಯಾವುದು ಹೇಗಿದೆ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಆ ಗಾಳಿಯಲ್ಲೇ ಹುಟ್ಟಿ, ಆ ಗಾಳಿಯಲ್ಲೇ ತಲೆ ನರೆತ ಮಾರ್ವಾ ಇರಿಬೆರಿಗೆ ಆ ವಸಂತದಲ್ಲಿ ಗಾಳಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ತನ್ನ ಮನೆಯ ಮೇಲೆ.

ಮನೆ ಎಂದರೆ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಬಿಳಿಯ ಟ್ರೈಲರ್. ಅದರ ಮುಂದಿನ ಅರ್ಧದಲ್ಲಿ ಅವಳ ಹಾಸಿಗೆ, ಹಿಂದಿನ ಅರ್ಧದಲ್ಲಿ ಕುರಿಯ ಉಣ್ಣೆ ಕತ್ತರಿಸುವ ಹನ್ನೊಂದು ಜನಕ್ಕೆ ಮೂರು ಹೊತ್ತು ಬೇಯಿಸುವ ಒಲೆ. ತಂಡ ಒಂದು ದೊಡ್ಡಿಯ ಕುರಿಗಳನ್ನು ಬೋಳಿಸಿ ಮುಗಿಸಿತೆಂದರೆ ಮುಂದಿನ ದೊಡ್ಡಿಗೆ ಹೊರಡಬೇಕು. ತಂಡದ ಬೆನ್ನಿಗೆ ಅಡುಗೆಮನೆಯೂ ಹೊರಡಬೇಕು.

ಮಾರ್ವಾಳ ತಾಯಿಯೂ ಕುರಿಗಾಹಿಗಳಿಗೆ ಅಡುಗೆ ಮಾಡಿದವಳೇ. ಮಗುಚಿಟ್ಟ ಬಕೆಟ್ಟಿನ ಮೇಲೆ ನಿಂತು ಹಿಟ್ಟು ನಾದುವುದನ್ನು ಕಲಿತ ಹುಡುಗಿ ಇವಳು. ಮುಂದೆ ಎಣ್ಣೆಬಾವಿ ಕೊರೆಯುವವನೊಬ್ಬನನ್ನು ಮದುವೆಯಾದಳು. ಬಾವಿ ಬತ್ತಿತು, ಯಂತ್ರ ಉತ್ತರಕ್ಕೆ ಹೋಯಿತು, ಯಂತ್ರದ ಹಿಂದೆ ಗಂಡನೂ ಹೋದ. ಯಂತ್ರವಾದರೂ ಒಮ್ಮೆ ವಾಪಸು ಬಂತಂತೆ. ರಾಕ್ ಸ್ಪ್ರಿಂಗ್ಸ್‌ನ ಶಾಲೆಯೊಂದರಲ್ಲಿ ಮಕ್ಕಳಿಗೆ ಬಡಿಸುತ್ತ ಕೆಲವು ವರ್ಷ ಕಳೆದಳು. ಒಂದು ಚಳಿಗಾಲ ಗ್ರೀನ್ ರಿವರ್‌ನಲ್ಲಿ ತಂಗಿ ಕೊರಲಿಯ ಮನೆಯಲ್ಲಿದ್ದಳು. ತಂಗಿ ಕೆಟ್ಟವಳಲ್ಲ. ಆದರೆ ಒಳಗೆ ಬರುವಾಗಲೆಲ್ಲ "ಶೂ ಒರೆಸ್ಕೊಂಡ್ಯಾ, ಅಕ್ಕಾ?" ಎನ್ನುತ್ತಿದ್ದಳು. ವಸಂತ ಬರುವ ಹೊತ್ತಿಗೆ ಮಾರ್ವಾ ಈ ಟ್ರೈಲರನ್ನು ಕೊಂಡು, ಡಾರೆಲ್ ಟಿಪ್ಪೆಟ್ಸ್‌ನ ಉಣ್ಣೆ ತಂಡಕ್ಕೆ ಅಡುಗೆಯವಳಾಗಿ ಸೇರಿದಳು. ಅದಾಗಿ ವರ್ಷಗಳೇ ಕಳೆದಿದ್ದವು. ತನ್ನ ಬಾಗಿಲಿನ ಮುಂದೆ ಶೂ ಒರೆಸಿಕೊಳ್ಳಲು ಹೇಳುವವಳು ಈಗ ಅವಳೇ.

ಆ ಬಾಗಿಲೇ ಈ ಸಲ ಕೈತಪ್ಪುವುದರಲ್ಲಿತ್ತು. ಟ್ರೈಲರ್ ಬಾಲ ಬೀಸತೊಡಗಿತ್ತು.

ಮೊದಲ ದೊಡ್ಡಿಯಿಂದ ಹೊರಟಾಗ ಸ್ವಲ್ಪ. ಎರಡನೆಯದಕ್ಕೆ ಇನ್ನಷ್ಟು. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದರೆ ಸಾಕು, ಮೊದಲು ಅದರ ಕಡೆಗೆ ಸೆಳೆದುಕೊಂಡು, ಆಮೇಲೆ ಆಚೆ ತಳ್ಳಿಸಿಕೊಂಡು, ಮತ್ತೆ ಈಚೆ ಬಂದು, ಕುಡಿದವನ ಕೈಗೆ ಸಿಕ್ಕ ಬಾಗಿಲಿನಂತೆ ಆಡುತ್ತಿತ್ತು. ಮಾರ್ವಾ ವೇಗ ತಗ್ಗಿಸಿ ತೆವಳಿದಳು, ತೆವಳಿದ್ದಕ್ಕೆ ತಡವಾಯಿತು. ಎರಡು ಸಲ ಮಧ್ಯಾಹ್ನದ ಊಟ ತಪ್ಪಿತು. ಕುರಿಗಳನ್ನು ಹಿಂದಿನ ಸಂಜೆಯಿಂದ ಮೇವಿಲ್ಲದೆ ಕೂಡಿಹಾಕಿರುತ್ತಾರೆ, ತಂಡದ ಊಟಕ್ಕಾಗಿ ಅವುಗಳನ್ನು ಕಾಯಿಸುವಂತಿಲ್ಲ. ಬಗ್ಗಿ ಬಗ್ಗಿ ಬೆನ್ನು ಮುರಿದ ಗಂಡಸರು ಬ್ರೆಡ್ಡು ಕಡಿದು ನೀರು ಕುಡಿದು ಮತ್ತೆ ಬಗ್ಗಿದರು.

ಸಲಹೆಗೆ ಬರವಿರಲಿಲ್ಲ. ಪೆಟ್ರೋಲು ಹಾಕಿಸಿಕೊಳ್ಳಲು ನಿಂತಲ್ಲೆಲ್ಲ ಒಬ್ಬ ಗಂಡಸು ಟೋಪಿ ಹಿಂದಕ್ಕೆ ಸರಿಸಿ ಹತ್ತಿರ ಬರುತ್ತಿದ್ದ.

"ಇನ್ನೂ ದೊಡ್ಡ ಪಿಕಪ್ ತಗೋಬೇಕಮ್ಮಾ ನೀನು."

"ಬಾಲ ಬೀಸ್ದಾಗ ಜೋರಾಗಿ ತುಳೀಬೇಕು. ಎಳೆದ್ರೆ ತಾನೇ ನೆಟ್ಟಗಾಗುತ್ತೆ."

ಜೋರಾಗಿ ತುಳಿದಳು. ನೆಟ್ಟಗಾಗುವುದಿರಲಿ, ಪಿಕಪ್ಪಿನ ಹಿಂಭಾಗವನ್ನೇ ಹಿಡಿದು ಒದರಿತು. ಮೂರನೆಯವನು ಓಲಾಟ ತಡೆಯುವ ಕಂಬಿ ಹಾಕಿಸು ಎಂದ. ಹಾಕಿಸಿದಳು. ಕಂಬಿ ಕಿರ್ರೆಂದು ಕೂಗುತ್ತಿತ್ತು, ಟ್ರೈಲರ್ ಅದರ ಪಾಡಿಗೆ ಅದು ಕುಣಿಯುತ್ತಿತ್ತು. ಚಕ್ರದ ಗಾಳಿ ನೋಡಿದಳು, ಬೋಲ್ಟು ಬಿಗಿದಳು. ಏನು ಮಾಡಿದರೂ ಅಷ್ಟೇ.

ಡಾರೆಲ್ ಒಳ್ಳೆಯ ಕಸುಬುದಾರ, ಆದರೆ ಬಾಯಿ ಮಾತ್ರ ಉಣ್ಣೆಯ ಕತ್ತರಿ. "ಕುಣಿಯಕ್ಕೆ ಬಾರ್ದವಳು ನೆಲ ಡೊಂಕು ಅಂದ್ಳಂತೆ," ಎಂದ. "ಎಲ್ಲಾರೂ ಅದೇ ರೋಡಲ್ಲಿ ಬರ್ತಾರೆ, ಮಾರ್ವಾ. ನಾಳೆ ಮೆಡಿಸಿನ್ ಬೋ ದೊಡ್ಡೀಲಿ ಮಧ್ಯಾಹ್ನಕ್ಕೆ ಊಟ ಇಲ್ಲ ಅಂದ್ರೆ, ಕ್ಯಾಸ್ಪರ್‌ನಲ್ಲಿ ಒಬ್ಬ ಊಟದ ಲಾರಿ ಇಟ್ಟಿದ್ದಾನೆ. ಅವನ್ನೇ ಕರೀತೀನಿ. ಈ ಸಲಕ್ಕಲ್ಲ, ಪೂರಾ ಸೀಸನ್ನಿಗೆ."

"ಕರಿ. ಅವನ ಕೈಯಡುಗೆ ತಿಂದು ನಿನ್ ಹುಡುಗ್ರು ಕುರಿ ಬಿಟ್ಟು ನಿನ್ನೇ ಬೋಳಿಸ್ತಾರೆ," ಎಂದಳು ಮಾರ್ವಾ. ಅಂದಳೇನೋ ನಿಜ. ಆದರೆ ಪಾತ್ರೆ ತೊಳೆಯುವಾಗ ತೊಳೆದದ್ದನ್ನೇ ಮತ್ತೆ ತೊಳೆದಳು. ಗ್ರೀನ್ ರಿವರ್‌ನ ಬಾಗಿಲಲ್ಲಿ ಕೊರಲಿ ನಿಂತು ತನ್ನ ಕಾಲು ನೋಡುತ್ತಿರುವುದು ಕಣ್ಣಿಗೆ ಕಟ್ಟಿತ್ತು.

ಮರುದಿನ ತಂಡ ಬೆಳಕು ಹರಿಯುವ ಮೊದಲೇ ಹೋಯಿತು. ಮಾರ್ವಾ ತಿಂಡಿಯ ಪಾತ್ರೆ ಕಟ್ಟಿ ಹೊರಡುವಷ್ಟರಲ್ಲಿ ದೊಡ್ಡಿಯ ಒಡೆಯ, ಮುದುಕ ಗಸ್ ಕರಾಸ್, ಕಡಿದು ಸುತ್ತಿದ ಇಡೀ ಕುರಿಯೊಂದನ್ನು ಹೆಗಲ ಮೇಲೆ ಹೊತ್ತು ಬಂದ. ಉಣ್ಣೆ ಮುಗಿದ ಮೇಲೆ ಅಡುಗೆಯವಳಿಗೆ ಒಂದು ಕುರಿ. ಈ ಸೀಮೆಯಲ್ಲಿ ಅಜ್ಜಂದಿರ ಕಾಲದ ಮರ್ಯಾದೆ. ಬೇಡ ಎಂದರೆ ಒಡೆಯನ ಕುರಿಯನ್ನು ಹಳಿದಂತೆ.

"ಟ್ರೈಲರ್ ಹಿಂದಿನ ಮಾಂಸದ ಪೆಟ್ಟಿಗೆ ತುಂಬೋಗಿದೆ, ಗಸ್. ಮೂರು ದೊಡ್ಡಿ ಕುರಿ ಅಲ್ಲೇ ಬಿದ್ದಿವೆ."

"ಕೊಬ್ಬು ಜಾಸ್ತಿ ಆಯ್ತಾ ನನ್ ಕುರೀಗೆ?"

"ಅಯ್ಯೋ, ಹಾಕಪ್ಪ ಮಾರಾಯ."

ಹಾಕಿದ. ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತು ಮುಚ್ಚಿದ.

ಹೆದ್ದಾರಿಯಲ್ಲಿ ಹಿಂಬದಿಯ ಬಲಮೂಲೆಯಿಂದ ಗಾಳಿ ಹೊಡೆಯುತ್ತಿತ್ತು. ಲಘುವಾದ ಟ್ರೈಲರಿನವರು ಜೋಪಾನ ಎಂದು ದೀಪದ ಫಲಕ ಮಿನುಗುತ್ತಿತ್ತು. ಗಡಿಯಾರ ನೋಡಿದಳು, ಸ್ವಲ್ಪ ವೇಗ ಏರಿಸಿದಳು. ಇಳಿಜಾರಿನಲ್ಲಿ ಲಾರಿಯೊಂದು ಗುಡುಗುತ್ತ ಪಕ್ಕ ಬಂತು, ದಾಟಿತು.

ಕನ್ನಡಿಯಲ್ಲಿ ಅವಳ ಮನೆ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋದಾಗ ಪಕ್ಕದ ಕಿಟಕಿಗಳೆಲ್ಲ ಕಂಡವು. ಮನೆ ತನ್ನನ್ನೇ ದಾಟಿ ಮುಂದೆ ಹೋಗುವಂತಿತ್ತು. ಒಳಗಿನ ಪಾತ್ರೆಗಳು ಗೋಡೆಗೆ ಅಪ್ಪಳಿಸಿದ ಸದ್ದು ಗಾಳಿಯ ಮೇಲೂ ಕೇಳಿತು. ಕಾಲು ಬ್ರೇಕಿನತ್ತ ಹೋಗುತ್ತಿತ್ತು. ತುಳಿದರೆ ಮನೆ ಬಂದು ಬೆನ್ನಿಗೆ ಗುದ್ದಿ ಪಿಕಪ್ಪನ್ನು ಅಡ್ಡ ತಿರುಗಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಾಲು ಎತ್ತಿದಳು, ಸ್ಟೀರಿಂಗ್ ಚಕ್ರವನ್ನು ನೇರ ಹಿಡಿದಳು, ಟ್ರೈಲರಿನ ಬ್ರೇಕಿಗೆಂದೇ ಇರುವ ಸಣ್ಣ ಹಿಡಿಯನ್ನು ಬೆರಳಿನಿಂದ ಮೆಲ್ಲಗೆ, ಬಾಣಲೆಯ ಕೆಳಗಿನ ಉರಿ ತಗ್ಗಿಸುವ ಹಾಗೆ, ಒತ್ತಿದಳು. ಮನೆ ಹಿಂದಕ್ಕೆ ಜಗ್ಗಿತು. ಇನ್ನೆರಡು ಸಲ ಓಲಾಡಿ ನೆಟ್ಟಗಾಯಿತು.

ರಾಲಿನ್ಸ್‌ನ ಅಂಚಿನಲ್ಲಿ ಲಾರಿಗಳು ನಿಲ್ಲುವ ಬಯಲಿಗೆ ಬಂದು ನಿಂತಾಗ ಅವಳಿಗೆ ಅಳು ಬರಲಿಲ್ಲ, ಬೈಗುಳ ಬಂತು. ತಾಯಿ ತನ್ನ ಹುಟ್ಟುನುಡಿಯಾದ ಬಾಸ್ಕ್ ಭಾಷೆಯಲ್ಲಿ ಹೇಸರಗತ್ತೆಗೆ ಬೈಯುತ್ತಿದ್ದದ್ದನ್ನೆಲ್ಲ ಟ್ರೈಲರಿಗೆ ಬೈದಳು.

"ಇರು ಇಲ್ಲೇ ನೀನು. ನಾನೊಬ್ಳೇ ಹೋಗ್ತೀನಿ."

ಬಿಟ್ಟೇ ಹೋಗುವುದೆಂದು ತೀರ್ಮಾನಿಸಿದಳು. ಒಂದು ಒಲೆ, ಒಂದು ಚೀಲ ಹಿಟ್ಟು ಪಿಕಪ್ಪಿಗೆ ಹಾಕಿಕೊಂಡು ಹೋದರೆ ಇವತ್ತಿನ ಊಟವಾದರೂ ಆದೀತು. ನಾಳೆಯದು ನಾಳೆಗೆ. ಚಕ್ರಗಳಿಗೆ ಮರದ ತುಂಡು ಕೊಟ್ಟಳು. ಕೊಂಡಿಯ ಚಿಲಕ ತೆಗೆದು, ಟ್ರೈಲರಿನ ಮುಂದೆ ಚಾಚಿಕೊಂಡ ಮೂಕಿಯನ್ನು ಎತ್ತಲು ಜಾಕಿನ ಹಿಡಿ ತಿರುಗಿಸಿದಳು.

ಹಿಡಿ ಸರಾಗವಾಗಿ ತಿರುಗಿತು. ಅತಿ ಸರಾಗವಾಗಿ.

ಮಾರ್ವಾ ಕೈ ನಿಲ್ಲಿಸಿದಳು. ಮೂಕಿ ಮೇಲೇಳುವಾಗ ಪಿಕಪ್ಪಿನ ಬೆನ್ನಿನ ಭಾರ ಇಳಿದು, ಅದು ಉಸ್ಸೆಂದು ಮೇಲೇಳಬೇಕು. ಪಿಕಪ್ ಕದಲಲೇ ಇಲ್ಲ. ಅವಳು ಬಗ್ಗಿ ಮೂಕಿಯ ತುದಿಗೆ ಎರಡೂ ಕೈ ಹಾಕಿ ಎತ್ತಿ ನೋಡಿದಳು. ಕಾಳು ಬೇಯಿಸುವ ಹಂಡೆಯ ಮುಚ್ಚಳದಂತೆ ಎದ್ದುಬಂತು. ಅವಳು ಗಟ್ಟಿಮುಟ್ಟಾದ ಹೆಂಗಸೇ ಸರಿ, ಆದರೆ ಮನೆ ಎತ್ತುವವಳಲ್ಲ.

ಮೂಕಿ ಹಿಡಿದುಕೊಂಡೇ ನಿಂತಳು. ಈ ಸೀಸನ್ನಿನ ಮೊದಲ ದಿನ ನೆನಪಾಯಿತು. ಕತ್ತರಿ ಮಸೆಯುವ ಯಂತ್ರ, ಹೆಚ್ಚುವರಿ ಅಲಗುಗಳ ಕಬ್ಬಿಣದ ಪೆಟ್ಟಿಗೆ, ಬದಲಿ ಮೋಟಾರುಗಳು ಎಲ್ಲವನ್ನೂ ಹುಡುಗರು ಈ ವರ್ಷ ಮೊದಲ ಸಲ ಅವಳ ಪಿಕಪ್ಪಿಗೆ ಏರಿಸಿದ್ದರು. ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. "ನಿನ್ ಗಾಡಿ ಹಗಲೇ ನಕ್ಷತ್ರ ಎಣಿಸ್ತಿದೆ" ಎಂದು ನಕ್ಕಿದ್ದರು. ಡಾರೆಲ್ ಬಂದು, ಎಲ್ಲವನ್ನೂ ಇಳಿಸಿ ಟ್ರೈಲರಿನ ಹಿಂದೆ ಚಾಚಿಕೊಂಡ ಕಬ್ಬಿಣದ ಚೌಕಟ್ಟಿಗೆ ಕಟ್ಟಿಸಿದ. ಹೆಚ್ಚಿನ ಹಿಟ್ಟು, ಆಲೂಗಡ್ಡೆಯ ಚೀಲಗಳನ್ನು ಹಿಂದೆ ಒಟ್ಟಿಸಿದ್ದು ಇವಳೇ. ಪಿಕಪ್ ಮಟ್ಟಸವಾಗಿ ನಿಂತಿತು. ಎಲ್ಲರೂ "ಹಾಂ, ಈಗ ಸರಿಹೋಯ್ತು" ಎಂದರು. ಇವಳೂ ಎಂದಳು. ಆಮೇಲೆ ದೊಡ್ಡಿಗೊಂದರಂತೆ ಕುರಿಗಳು ಬಂದು ಅದೇ ಬಾಲದಲ್ಲಿ ಕೂತವು. ನೋಡುವುದಕ್ಕೆ ಮಟ್ಟಸ, ಆದರೆ ಗಾಡಿಗೆ ಹಿಂಭಾರ. ಮೂಗು ಹಗುರ, ಬಾಲ ಭಾರ. ಗಾಳಿ ಬಾಲಕ್ಕೊಂದು ಪೆಟ್ಟು ಕೊಟ್ಟರೆ ಅದನ್ನು ಹಿಡಿದು ನಿಲ್ಲಿಸುವುದಕ್ಕೆ ಮುಂದೆ ಏನಿತ್ತು?

"ಥೂ!" ಎಂದಳು. ಇದುವರೆಗೆ ಟ್ರೈಲರಿಗೆ ಬೈದದ್ದೆಲ್ಲ ವ್ಯರ್ಥ, ಮತ್ತೆ ಮೊದಲಿನಿಂದ ಬೇರೆಯವರಿಗೆ ಬೈಯಬೇಕಿತ್ತು.

ಅಷ್ಟರಲ್ಲಿ ಹಾರ್ನ್ ಹೊಡೆಯುತ್ತ ಇನ್ನೊಂದು ಪಿಕಪ್ ಬಂತು. ಉಣ್ಣೆ ಕತ್ತರಿಸಲು ಹಾಸಿದ ಹಲಗೆಗಳನ್ನು ಬಿಚ್ಚಿಕೊಂಡು ಯಾವಾಗಲೂ ತಂಡದ ಕೊನೆಗೆ ಹೊರಡುವ ಹೇಮಿ ಮತ್ತು ಇಲಾರಿಯೋ. ಹೇಮಿ ನ್ಯೂಜಿಲೆಂಡಿನ ಮಾವೊರಿ ಜನಾಂಗದವನು. ಇಲಾರಿಯೋ ಪೆರುವಿನವನು, ಮಾತು ಕಡಿಮೆ.

"ಏನ್ ಚಿಕ್ಕಮ್ಮಾ, ಇಲ್ಲೇ ಬಿಡಾರ ಹೂಡಿದ್ಯಾ? ಊಟಕ್ಕೆ ಕೂತ್ಕೊಳ್ಳೋಣ್ವಾ?" ಎಂದ ಹೇಮಿ.

"ಹಲ್ಲು ಕಿಸೀಬೇಡ. ಇಳಿ ಕೆಳಗೆ. ನಿಮ್ ಮಸೆಯೋ ಯಂತ್ರ, ಆ ಕಬ್ಬಿಣದ ಪೆಟ್ಟಿಗೆ, ಎಲ್ಲಾ ನಿಮ್ ಗಾಡಿಗೆ ಹೇರ್ಕೊಳ್ಳಿ."

"ಅಯ್ಯೋ, ನಮ್ ಗಾಡಿ ಬಾಲ ನೆಲಕ್ಕೆ ಬೀಳುತ್ತೆ ಚಿಕ್ಕಮ್ಮಾ!"

"ಬೀಳ್ಲಿ. ನಂದು ಇಷ್ಟ್ ದಿನ ಬಿದ್ದಿರ್ಲಿಲ್ವಾ?"

"ಡಾರೆಲ್ ಬೈತಾನೆ."

"ಡಾರೆಲ್ ಹೊಟ್ಟೆಗೇನ್ ತಿಂತಾನೆ? ಮಸೆಯೋ ಕಲ್ಲಾ?"

ಇಲಾರಿಯೋ ಆಗಲೇ ಹಗ್ಗ ಬಿಚ್ಚುತ್ತಿದ್ದ. ಮಾಂಸದ ಪೆಟ್ಟಿಗೆಯನ್ನು ಇಬ್ಬರೂ ಏದುಸಿರು ಬಿಡುತ್ತ ಹೊತ್ತು ಅವಳ ಪಿಕಪ್ಪಿನಲ್ಲಿ ಮುಂದಕ್ಕೆ, ಡ್ರೈವರಿನ ಬೆನ್ನಿಗೆ ಅಂಟಿಸಿ ಇಟ್ಟರು. ಹಿಟ್ಟು, ಆಲೂಗಡ್ಡೆಗಳನ್ನು ಮಾರ್ವಾ ಟ್ರೈಲರಿನ ಮುಂಭಾಗದಲ್ಲಿ ತನ್ನ ಹಾಸಿಗೆಯ ಕೆಳಗೆ ತುರುಕಿದಳು. ಟ್ರೈಲರಿನ ಹಿಂದಿನ ತೊಟ್ಟಿಯ ನೀರನ್ನೂ ಬಯಲಿಗೆ ಬಿಟ್ಟಳು. ಗಾಳಿ ಅದನ್ನು ಹೇಮಿಯ ಪ್ಯಾಂಟಿಗೆ ಎರಚಿತು. ಈಗ ಜಾಕು ತಿರುಗಿಸಲು ತೋಳು ಬೇಕಾಯಿತು. ಮೂಕಿ ಕೊಂಡಿಯ ಮೇಲೆ ಕೂತಾಗ ಪಿಕಪ್ ಗೊಣಗುತ್ತ ತಗ್ಗಿತು. ಮೂಕಿಯ ಭಾರವನ್ನು ಪಿಕಪ್ಪಿನ ಮುಂದಿನ ಚಕ್ರಗಳಿಗೂ ಹಂಚುವ ಕಂಬಿಗಳ ಸರಪಳಿಯನ್ನು ಒಂದು ಬಳೆ ಹೆಚ್ಚು ಬಿಗಿಯಾಗಿ ಸಿಕ್ಕಿಸಿದಳು, ಗಾಡಿ ತಕ್ಕಮಟ್ಟಿಗೆ ನೇರವಾಯಿತು.

ಆದರೆ ಹೊತ್ತು ಮೀರಿತ್ತು. ಎಷ್ಟು ಅವಸರ ಮಾಡಿದರೂ ಮಧ್ಯಾಹ್ನದ ಊಟ ಆಗುವಂತಿರಲಿಲ್ಲ. ವರ್ಷಗಟ್ಟಲೆ ದುಡಿದ ಕೆಲಸ ಇಂಥ ಮೂರ್ಖತನಕ್ಕೆ ಹೋಗುವುದೆಂದರೆ, ಕಾರಣ ಗೊತ್ತಾದ ದಿನವೇ ಹೋಗುವುದೆಂದರೆ! ಹಾಗಿದ್ದೂ ಅವಳು ವೇಗ ಏರಿಸಲಿಲ್ಲ. ಲಾರಿಗಳು ಹಾದುಹೋದವು. ಮನೆ ಒಮ್ಮೆ ಭುಜ ಅಲುಗಿಸಿ ಸುಮ್ಮನಾಯಿತು. ಗಾಳಿ ಪೂರಾ ಗಾಡಿಯನ್ನು ಆಗಾಗ ಅಂಚಿಗೆ ತಳ್ಳುತ್ತಿತ್ತು, ಅದಕ್ಕೆ ಮದ್ದಿಲ್ಲ. ಆದರೆ ಬಾಲ ಬೇರೆ, ತಲೆ ಬೇರೆ ಆಗಲಿಲ್ಲ. ಇಷ್ಟು ಸುಲಭಕ್ಕೆ ಸುಮ್ಮನಾಗುವುದಕ್ಕೆ ಇಷ್ಟು ದಿನ ಬೇಕಾಯಿತೇ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಮೆಡಿಸಿನ್ ಬೋ ದೊಡ್ಡಿ ತಲುಪಿದಾಗ ಬಿಸಿಲು ವಾಲಿತ್ತು. ಅಂಗಳದಲ್ಲಿ ಊಟದ ಲಾರಿ ಎಲ್ಲಿದೆ ಎಂದು ಮೊದಲು ಕಣ್ಣು ಹುಡುಕಿತು. ಕಾಣಲಿಲ್ಲ. ಡಾರೆಲ್ ಬೇಲಿಗೆ ಒರಗಿ ಒಣ ಬಿಸ್ಕತ್ತು ಜಗಿಯುತ್ತಿದ್ದ.

"ಎಲ್ಲಿ ನಿನ್ ಕ್ಯಾಸ್ಪರ್ ಭೂಪ?"

ಡಾರೆಲ್ ಬಿಸ್ಕತ್ತು ನುಂಗಿದ. "ಅರ್ಧ ದಾರಿ, ಶರ್ಲಿ ಬೇಸಿನ್‌ ತನಕ ಬಂದ್ನಂತೆ. ಗಾಳಿಗೆ ಲಾರಿ ಬಾಗಿಲು ಕಿತ್ಕೊಂಡು ಹೋಯ್ತಂತೆ. ವಾಪಸ್ ಹೋದ."

ಮಾರ್ವಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಗಾಳಿ ಅವನನ್ನು ತಡೆಯದಿದ್ದರೆ ತಾನು ಹೇಳುವುದನ್ನು ಕೇಳಲು ಯಾರೂ ನಿಂತಿರುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಕೇಳುವವರು ಇರುವಾಗಲೇ ಹೇಳಿಬಿಟ್ಟಳು.

"ಕೇಳಿಲ್ಲಿ. ನಿಮ್ ಕಬ್ಬಿಣ ಇನ್ಮೇಲೆ ನನ್ ಗಾಡಿ ಹತ್ತಲ್ಲ. ದೊಡ್ಡಿಯಿಂದ ದೊಡ್ಡಿಗೆ ಹೋಗೋವಾಗ ಹಿಂದಿನ ಸಂಜೇನೇ ನಾನು ಹೊರಡ್ತೀನಿ, ಬೆಳಿಗ್ಗೆ ತಿಂಡಿ ನೀವೇ ಬಿಸಿ ಮಾಡ್ಕೊಳ್ಳಿ. ಗಾಳಿ ಇದ್ರೆ ನನ್ನ ವೇಗ ನಂದು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಗಾಡಿ ಇನ್ನೂ ಬಿಚ್ಚಿಲ್ಲ."

"ಬಾಲ ಬೀಸಿದ್ದು ನಮ್ ಯಂತ್ರದಿಂದ ಅಂತೀಯಾ?"

"ನಿನ್ನ ಯಂತ್ರ, ನನ್ನ ಆಲೂಗಡ್ಡೆ, ಗಸ್ಸನ ಕುರಿ. ಎಲ್ಲಾ ಸೇರಿ."

ಡಾರೆಲ್ ಹೇಮಿಯ ಪಿಕಪ್ಪಿನ ಕಡೆ ನೋಡಿದ. ಅದರ ಮೂತಿ ಆಕಾಶಕ್ಕಿತ್ತು. ತಪ್ಪಾಯಿತು ಎನ್ನುವ ಜಾತಿಯವನಲ್ಲ ಅವನು.

"ಆಗ್ಲಿ," ಎಂದ. "ಬೇಗ ಏನಾದ್ರೂ ಮಾಡು."

ಒಳಗೆ ಹೋದರೆ ಕಪಾಟುಗಳೆಲ್ಲ ಬಾಯಿ ಬಿಟ್ಟಿದ್ದವು. ಮೊಟ್ಟೆ ನೆಲದಲ್ಲಿ, ಟೊಮೆಟೊ ಗೋಡೆಯಲ್ಲಿ, ಮೆಣಸಿನ ಪುಡಿ ಹಾಸಿಗೆಯಲ್ಲಿ. ಕೆಲಸ ಉಳಿಯಿತೆಂದು ಸಮಾಧಾನಪಡುವಷ್ಟು ಪುರುಸೊತ್ತು ಇರಲಿಲ್ಲ. ಸೋರೆಬುರುಡೆಯಂಥ ಒಂದು ಈರುಳ್ಳಿ, ಒಡೆಯದೆ ಉಳಿದ ಬೀನ್ಸ್ ಕಾಳಿನ ಡಬ್ಬಿಗಳು, ಮಾಂಸ. ಕೈಗೆ ಸಿಕ್ಕದ್ದನ್ನೆಲ್ಲ ಹಂಡೆಗೆ ಎಸೆದಳು. ಕೂದಲಲ್ಲಿ ಹಿಟ್ಟು, ಕಣ್ಣಲ್ಲಿ ಕೆಂಡ, ಸೌಟನ್ನು ಹಂಡೆಗೆ ಬಡಿಯುತ್ತ ಹೊತ್ತು ಮುಳುಗುವ ಮುಂಚೆ ಬಡಿಸಿದಳು. ಹನ್ನೊಂದು ಜನ ಬಾಗಿಲಲ್ಲಿ ಶೂ ಒರೆಸಿ ಸಾಲಾಗಿ ಬಂದು ತಟ್ಟೆಯ ತಳ ಕಾಣುವವರೆಗೆ ತಿಂದರು. ಉಪ್ಪು ಹಾಕುವುದನ್ನು ಅವಳು ಮರೆತಿದ್ದಳು. ಅದನ್ನು ಹೇಳುವ ಧೈರ್ಯ ಡಾರೆಲ್‌ಗೂ ಬರಲಿಲ್ಲ.