ಅತ್ತೆಯ ನಡಿಗೆ

ನನ್ನ ಅತ್ತೆ ಬಲಗಾಲು ಎಳೆದು ನಡೆಯುತ್ತಿದ್ದರು. ಟಪ್, ಸರ್ರ್. ಆ ಸದ್ದು ಕೇಳಿದರೆ ಸಾಕು, ಹೊಸ ಸೊಸೆಯಾಗಿದ್ದ ನಾನು ಕದ್ದ ಬೆಲ್ಲವನ್ನು ದವಡೆಗೆ ಒತ್ತಿಕೊಂಡು ಒಲೆಯ ಮುಂದೆ ಕೂತುಬಿಡುತ್ತಿದ್ದೆ. ಅವರು ತೀರಿಕೊಂಡ ಮರುವರ್ಷ ನನ್ನ ಮಗನಿಗೆ ಹೆಣ್ಣು ಹುಟ್ಟಿತು. ನಡೆಯಲು ಕಲಿತಾಗ ಅದೇ ಬಲಗಾಲು, ಅದೇ ಟಪ್, ಸರ್ರ್.

ಸವಳಂಗದ ನಮ್ಮ ಕೇರಿಯೆಲ್ಲ ನೋಡಲು ಬಂತು.

"ನಿಮ್ಮತ್ತೇನೇ ತಿರುಗಿ ಹುಟ್ಯಾಳಲ್ಲೇ! ಇನ್ನೂ ಬಿಟ್ಟಿಲ್ಲ ನಿನ್ನ," ಎಂದು ನೆರೆಮನೆಯವಳು ನಕ್ಕಳು.

ತಿರುಗಿ ಬಂದ ಹಿರಿಯರನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ. "ಬರ್ರೀ ಅತ್ತೇರೇ, ಮೂಗು ಒರೆಸ್ತೀನಿ" ಎನ್ನುತ್ತಿದ್ದೆ. ಕಿವಿಯ ಹಿಂದೆ ಸೀಗೆಪುಡಿ ಹಾಕಿ ಉಜ್ಜುವಾಗ ಹಳೇ ಸಿಟ್ಟೆಲ್ಲ ತೀರುತ್ತಿತ್ತು. ಸೊಸೆ "ಡಾಕ್ಟ್ರಿಗೆ ತೋರ್ಸಾಣ" ಎಂದಾಗೆಲ್ಲ ತಡೆದವಳು ನಾನೇ. "ಹಿರೇರ ನಡಿಗೆಗೆ ಔಷಧಿ ಎಲ್ಲೈತೆ?"

ಏಳು ತುಂಬಿದ ಮೇಲೆ ಮೊಮ್ಮಗಳು ಸೊಂಟ ನೋವೆಂದು ಅಳತೊಡಗಿದಳು. ಹೊನ್ನಾಳಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಹುಟ್ಟಿದಾಗಿಂದ ಕೀಲು ತಪ್ಪೈತೆ ಅಜ್ಜಿ. ಕೂಸಿದ್ದಾಗ ಬಂದಿದ್ರೆ ಬೆಲ್ಟ್ ಹಾಕಿನೇ ಕೂರಿಸ್ಬೋದಿತ್ತು. ಈಗ ಕುಯ್ದು, ಮೂಳೆ ಕತ್ತರಿಸಿ ಕೂರಿಸ್ಬೇಕು. ಆದ್ರೂ ನಡಿಗೆ ಸಮ ಆಗುತ್ತೆ ಅಂತ ಮಾತು ಕೊಡಾಕಾಗಲ್ಲ. ಮನೇಲಿ ಇನ್ಯಾರಿಗಾದ್ರೂ ಹಿಂಗೆ ಇತ್ತಾ?"

"ನಮ್ಮತ್ತೆಗೆ."

"ಮನೆತನದಲ್ಲಿ ಬರುತ್ತೆ ಇದು," ಎಂದರು.

ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿ ಮನೆಗೆ ತಂದೆವು. ಎದೆಯ ಕೆಳಗಿಂದ ಪಾದದವರೆಗೆ ಬಿಳಿ ಪ್ಲಾಸ್ಟರ್. ಮಗ್ಗುಲು ತಿರುಗಿಸಲೂ ಇಬ್ಬರು ಬೇಕು. ಮೂರನೇ ದಿನ ಮಧ್ಯಾಹ್ನ ಅವಳ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಳಕೋಣೆಯಲ್ಲಿ ಟಪ್, ಸರ್ರ್.

ನನ್ನ ಕೈ ಮೊರದಲ್ಲೇ ನಿಂತಿತು.

"ಅಜ್ಜಿ, ಯಾರದು ನನ್ನಂಗೆ ನಡೆಯೋದು?"

"ಬೆಕ್ಕು."

"ಬೆಕ್ಕು ಇಲ್ಲೇ ಮಲಗೈತೆ."

ಪ್ಲಾಸ್ಟರ್ ಇದ್ದಷ್ಟು ದಿನ ಅದೇ ಹೊತ್ತಿಗೆ ಆ ಸದ್ದು. ದಿನದಿಂದ ದಿನಕ್ಕೆ ಮಂಚಕ್ಕೆ ಹತ್ತಿರ. ಮೊಮ್ಮಗಳನ್ನು ಅತ್ತೇರೇ ಎನ್ನುವುದನ್ನೇ ಬಿಟ್ಟೆ. ಕರೆದರೆ ಯಾರು ಓಗೊಡುತ್ತಾರೋ ಎಂಬ ಭಯ.

ಪ್ಲಾಸ್ಟರ್ ಬಿಚ್ಚಿ, ವಾಕರ್ ಹಿಡಿದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ, ಒಂದು ಮಧ್ಯಾಹ್ನ ಅವಳು ವಾಕರ್ ಬಿಟ್ಟು ಅಂಗಳಕ್ಕೆ ನಡೆದಳು. ಟಪ್, ಟಪ್. ಅವಳ ಹಿಂದೆಯೇ ಒಳಗಿನಿಂದ ಟಪ್, ಸರ್ರ್. ನಾನು ಹೊಸ್ತಿಲಿಗೆ ಅಡ್ಡ ಕೂತೆ.

"ನೀವು ಇಲ್ಲೇ ಕುತ್ಕಳ್ರೀ ಅತ್ತೆ. ಬೆಲ್ಲ ಕದ್ದವಳು ನಾನು, ನಾನಿಲ್ಲೇ ಇದೀನಿ. ಆ ಕಾಲು ಅವಳದು."

ಸದ್ದು ನನ್ನ ಬೆನ್ನ ಹಿಂದೆ ಬಂದು ನಿಂತಿತು.

"ನೋಡ್ದ್ಯಾ ಅಜ್ಜಿ?" ಎಂದಳು ಅಂಗಳದಿಂದ.

ಮೊದಲ ಸಲ ಅವಳನ್ನು ಹೆಸರು ಹಿಡಿದು ಕೂಗಿದೆ.