ಹೊಸ್ತಿಲ ಹೊರಗೆ ಉಳಿದ ಬೂಟು

2022ರ ಆಗಸ್ಟ್ 8, ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಹೊಸಪೇಟೆಯ ಒಂದು ಆಸ್ಪತ್ರೆಗೆ ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿ ಐದು ತಿಂಗಳಾಗಿತ್ತು. ಬಾಣಂತನಕ್ಕೆ ಕಂಪ್ಲಿಯ ತವರಿನಲ್ಲಿದ್ದ ಹುಲಿಗೆಮ್ಮ ಹದಿನೆಂಟು ದಿನದ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಇದಕ್ಕೆ ಕ್ಲಬ್‌ಫುಟ್ ಎನ್ನುತ್ತಾರೆ.

ಹಿಂದೆ ಇದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಈಗ ವಾರಕ್ಕೊಮ್ಮೆ ಪಾದವನ್ನು ಕೈಯಿಂದ ತುಸುತುಸುವೇ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ಈ ಮಗುವಿಗೆ ಆರು ಪ್ಲಾಸ್ಟರ್ ಆದವು. ಬಳಿಕ ಹಿಮ್ಮಡಿಯ ಮೇಲೆ ಒಂದು ಸಣ್ಣ ಕೊಯ್ತ, ಮೂರು ವಾರದ ಕೊನೆಯ ಪ್ಲಾಸ್ಟರ್. ಅಕ್ಟೋಬರ್‌ನಲ್ಲಿ ಅದನ್ನು ಬಿಚ್ಚಿದಾಗ ಹುಲಿಗೆಮ್ಮ ಎರಡೂ ಪಾದಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು. ಒಂದೇ ತರಹ ಇದ್ದವು.

ಆದರೆ ತಿದ್ದಿದ ಪಾದ ಮರಳಿ ಸೊಟ್ಟಗಾಗಲು ಹವಣಿಸುತ್ತಲೇ ಇರುತ್ತದೆ. ಅದನ್ನು ತಡೆಯುವುದು ಬ್ರೇಸ್, ಅಂದರೆ ಒಂದು ಅಡ್ಡಪಟ್ಟಿಗೆ ಕೂಡಿಸಿದ ಎರಡು ಪುಟ್ಟ ಬೂಟು. ಸರಿಯಿರುವ ಕಾಲಿನ ಆಸರೆಯಲ್ಲಿ ಪಟ್ಟಿ ಇನ್ನೊಂದು ಪಾದವನ್ನು ಹೊರಮುಖವಾಗಿ ಹಿಡಿದಿಡುತ್ತದೆ. ಮೊದಲ ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ ಹಾಕಬೇಕು. ಇದನ್ನು ಬಿಟ್ಟವರಲ್ಲೇ ಪಾದ ಹೆಚ್ಚಾಗಿ ತಿರುಗುತ್ತದೆಂದು ಅಧ್ಯಯನಗಳು ಹೇಳುತ್ತವೆ.

ಬ್ರೇಸ್ ತೊಡಿಸಿದ ದಿನ, ಗಂಡನ ಊರಾದ ಬಂಡ್ರಿಯಿಂದ ಮೊಮ್ಮಗಳನ್ನು ನೋಡಲು ಬಂದಿದ್ದ ಹುಲಿಗೆಮ್ಮನ ಅತ್ತೆ ಗಂಗಮ್ಮ ಕೇಳಿದರು: "ಸೊಟ್ಟ ಇದ್ದದ್ದು ಒಂದ ಕಾಲು, ಬೂಟು ಎರಡಕ್ಕೂ. ಈಕಿ ಏನು ಪೊಲೀಸ್ ಕೆಲಸಕ್ಕ ಹೊಂಟಾಳೇನಬೇ?"

ಎಲ್ಲರೂ ನಕ್ಕೆವು.

ತವರಿನಲ್ಲಿ ಮಗು ತಾಯಿಯ ಮಗ್ಗುಲಲ್ಲೇ ಮಲಗುತ್ತಿತ್ತು. ಬ್ರೇಸ್ ಒಂದು ರಾತ್ರಿಯೂ ತಪ್ಪಲಿಲ್ಲ. ಜನವರಿಯಲ್ಲಿ ಹುಲಿಗೆಮ್ಮ ಬಂಡ್ರಿಗೆ ಮರಳಿದಳು. ನಸುಕಿನಲ್ಲೇ ಕೂಲಿಗೆ ಹೊರಡಬೇಕಾದ್ದರಿಂದ ಮಗು ಅಜ್ಜಿ ಗಂಗಮ್ಮನವರ ಪಕ್ಕ ಮಲಗತೊಡಗಿತು. ಆಸ್ಪತ್ರೆಗೆ ಬಂದಾಗಲೆಲ್ಲ ಹುಲಿಗೆಮ್ಮನ ಉತ್ತರ ಒಂದೇ: "ದಿನಾ ಸಂಜಿಕಿ ನಾನ ಕೈಯಾರೆ ಹಾಕ್ತೀನ್ರಿ ಮೇಡಂ." ಆದರೂ ಜೂನ್ ಹೊತ್ತಿಗೆ ಪಾದ ಮತ್ತೆ ಒಳಕ್ಕೆ ತಿರುಗಿತ್ತು. ಬೂಟಿನ ಅಳತೆ ನೋಡಿದೆವು. ಸರಿಯಾಗೇ ಇತ್ತು.

ಕಾರಣ ತಿಳಿಯದೆ, ಹುಲಿಗೆಮ್ಮನಿಗೆ ಕೂಲಿ ಇಲ್ಲದ ಒಂದು ಮುಂಜಾನೆ ಬಂಡ್ರಿಗೇ ಹೋದೆ. ಬ್ರೇಸ್ ಹೊಸ್ತಿಲ ಹೊರಗೆ, ಮನೆಯವರ ಚಪ್ಪಲಿಗಳ ಸಾಲಿನಲ್ಲಿತ್ತು. ಮಗು ಒಳಗಿನ್ನೂ ನಿದ್ದೆಯಲ್ಲಿತ್ತು.

"ಕೂಸಿನ ಹಾಸಿಗ್ಯಾಗ ಯಾರನ ಬೂಟು ಇಡ್ತಾರೇನಬೇ?" ಎಂದರು ಗಂಗಮ್ಮ. "ಅದು ಕಣ್ಣು ಮುಚ್ಚಿದ ಕೂಡ್ಲೆ ಬಿಚ್ಚಿ ಇಲ್ಲಿ ಇಡ್ತೀನಿ."

ಹುಲಿಗೆಮ್ಮ ಅತ್ತೆಯ ಮುಖವನ್ನೇ ನೋಡಿದಳು. ಆಕೆಗೂ ಇದು ಹೊಸ ಸುದ್ದಿ; ದಿನಾ ಕತ್ತಲಲ್ಲೇ ಹೊರಡುವಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ. ರಾತ್ರಿಯ ಬೂಟೇ ಪಾದ ಕಾಯುವುದು ಎಂದು ನಾನು ವಿವರಿಸಿದೆ. ಗಂಗಮ್ಮ ಬ್ರೇಸನ್ನು ಕೈಗೆತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದರು.

"ಇಷ್ಟ ದಿನಾ ನನಗ ಯಾರೂ ಹೇಳಲಿಲ್ಲಲ್ಲಬೇ. ಗೊತ್ತಿದ್ರ ಇದನ್ನ ದೇವರ ಮನ್ಯಾಗ ಇಟ್ಟು ಕಾಯ್ತಿದ್ದೆ."

ಮತ್ತೆ ಪ್ಲಾಸ್ಟರ್ ಹಾಕಿದೆವು, ಮತ್ತೆ ಬ್ರೇಸ್ ಕೊಟ್ಟೆವು. ಅಷ್ಟರಲ್ಲಿ ಮಗು ಎದ್ದು ನಿಲ್ಲುತ್ತಿತ್ತು. ಬೂಟು ಕಂಡರೆ ಅತ್ತು ಒದ್ದು ಕಿತ್ತುಕೊಳ್ಳುತ್ತಿತ್ತು. ಗಂಗಮ್ಮ ತಾವೇ ತೊಡಿಸಿ, ಅದು ಮಲಗುವವರೆಗೆ ಕಾಲು ಹಿಡಿದು ಕೂರುತ್ತಿದ್ದರು. ಆದರೂ ತಿದ್ದಿದ ಪಾದ ನೆಟ್ಟಗೆ ಉಳಿಯಲಿಲ್ಲ. ಈಗ ಮೂರು ವರ್ಷ ದಾಟಿದ ಆ ಹುಡುಗಿ ಎಡಪಾದದ ಹೊರಅಂಚಿನ ಮೇಲೆ ಓಡಾಡುತ್ತಾಳೆ. ತಪ್ಪಿಸಬಹುದಾಗಿದ್ದ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದಾಳೆ.

ಅಂದಿನಿಂದ ನಾನು ಬ್ರೇಸ್ ಹಾಕುತ್ತೀರಾ ಎಂದು ಕೇಳುವ ಮೊದಲು ಮಗು ಯಾರ ಪಕ್ಕ ಮಲಗುತ್ತದೆ ಎಂದು ಕೇಳುತ್ತೇನೆ. ಅವರನ್ನೂ ಕರೆಸಿ ಹೇಳುತ್ತೇನೆ. ಆದರೂ ಹಾಸಿಗೆಯಲ್ಲಿ ಬೂಟು ಕಂಡರೆ ಹಿರಿಯರ ಮನಸ್ಸು ಒಪ್ಪುವುದಿಲ್ಲ. ಅವರು ಒಪ್ಪುವಂತೆ ಬ್ರೇಸಿಗೆ ಬಟ್ಟೆ ಹೊಲಿದವರು, ಬೇರೆ ಹೆಸರಿಟ್ಟು ಕರೆದವರು, ಇನ್ನಾವುದೇ ಉಪಾಯ ಕಂಡವರು ಎಲ್ಲಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಮುಂದಿನ ಸೋಮವಾರ ಇನ್ನೊಂದು ಮಗುವಿನ ಪ್ಲಾಸ್ಟರ್ ಬಿಚ್ಚಲಿದ್ದೇವೆ.