ತಿದ್ದುಪಡಿ ಪುಸ್ತಕ ನೋಡುವ ಕ್ರಮ

ನಾನು ಬರೆದದ್ದನ್ನು ಜನ ನಿಜವಾಗಿ ಓದಿ, ಹೇಳಿದಂತೆ ನಡೆದುಕೊಂಡದ್ದು ಒಂದೇ ಒಂದು ಸಲ. ಅದು ಒಂದು ಹಾಳೆಯ ಬರಹ. ಅದರಲ್ಲೂ ಒಂದು ಸಾಲನ್ನು ನಾನು ಬೇಕೆಂದೇ ಬಿಟ್ಟಿದ್ದೆ.

ಎಪ್ಪತ್ತರ ದಶಕದ ಕೊನೆಗೆ ಕುಂಬ್ರದ ನಮ್ಮ ನಾಟಕ ಸಂಘಕ್ಕೆ ಇದ್ದದ್ದು ಒಂದೇ ನಾಟಕ. ಪ್ರತಿ ವರ್ಷ ಅದನ್ನೇ ಆಡುತ್ತಿದ್ದೆವು; ನೋಡುವವರಿಗೆ ಬೇಸರ ಬರಬಾರದೆಂದು ಪ್ರತಿ ವರ್ಷ ತಿದ್ದುತ್ತಿದ್ದೆವು. ಯಾವ ಮಾತು ಯಾವಾಗ ಹೋಯಿತು, ಯಾಕೆ ಹೋಯಿತು ಎಂದು ಜಗಳ ಶುರುವಾದಾಗ ತಿದ್ದುಪಡಿ ಪುಸ್ತಕ ಹುಟ್ಟಿತು. ಅದರಲ್ಲಿ ಅಳಿಸುವಂತಿಲ್ಲ, ತಪ್ಪಾದರೆ ಕೆಳಗೆ ಹೊಸ ಸಾಲು. ಹೆಸರು ಹಾಕಿದರೆ ಮತ್ತೆ ಜಗಳವೆಂದು ವೃತ್ತ, ಚೌಕ, ತ್ರಿಕೋನಗಳ ಗುರುತು. ಯಾವುದು ಯಾರದೆಂಬ ಪಟ್ಟಿಯನ್ನು ನಾನು ಪುಸ್ತಕದ ಹೊದಿಕೆಯ ಒಳಗೆ ಬರೆದಿಟ್ಟಿದ್ದೆ; ಅದು ಅಲ್ಲಿದೆಯೆಂದು ಬಲ್ಲವನು ನಾನೊಬ್ಬನೇ. ಟೈಲರ್ ಅದ್ರಾಮಾಕ ಮಾತ್ರ ತಮಗೆ ಗುಟ್ಟೇ ಬೇಡವೆಂದು ಕತ್ತರಿಯ ಚಿತ್ರ ಆರಿಸಿಕೊಂಡಿದ್ದರು.

ಪುಸ್ತಕ ದಪ್ಪಗಾದಂತೆ ಅದನ್ನು ನೋಡುವ ಕ್ರಮ ಬರೆಯುವ ಕೆಲಸ ಶಾಲೆ ಮಾಷ್ಟ್ರಾದ ನನ್ನ ತಲೆಗೆ ಬಂತು. ಪುರಾಣ ಹೇಳುವವರು ಸೃಷ್ಟಿಯಿಂದ ಶುರುಮಾಡುತ್ತಾರೆ. ಜಗಳಾಡುವವರು ನಿನ್ನೆಯಿಂದ ಹಿಡಿದು ಅಜ್ಜನವರೆಗೆ ಹೋಗುತ್ತಾರೆ. ನಮ್ಮದು ಎರಡನೆಯ ಜಾತಿ. ಹಾಗಾಗಿ 'ಹೊಸದು ಮೊದಲು, ಹಿಂದಿನಿಂದ ತೆರೆಯಿರಿ' ಎಂದು ಬರೆದೆ. ಪುರುಸೊತ್ತಿಲ್ಲದವರಿಗೆ ಪುಟದ ಅಂಚಿನಲ್ಲಿ ಬರೆದ ಒಂದು ಸಾಲಿನ ಸಾರಾಂಶ ಸಾಕು. ಒಂದೇ ದೃಶ್ಯದ ಚರಿತ್ರೆ ಬೇಕಾದವರು ಆ ದೃಶ್ಯದ ಪುಟಗಳಿಗೆಲ್ಲ ಕಟ್ಟಿದ ಒಂದೇ ಬಣ್ಣದ ನೂಲು ಹಿಡಿದು ಹೋಗಬೇಕು. ದೃಶ್ಯದ ಸಂಖ್ಯೆ ಬದಲಾದರೂ ನೂಲು ಬದಲಾಗದು. ನೂಲು ಕೊಟ್ಟವರೂ ಅದ್ರಾಮಾಕರೇ.

ಹೊದಿಕೆಯೊಳಗಿನ ಪಟ್ಟಿಯ ಸುದ್ದಿ ಮಾತ್ರ ಬರೆಯಲಿಲ್ಲ. ಅದಕ್ಕೆ ಕಾರಣ ಆ ಮೊದಲೇ ನಾನು ಮಾಡಿದ್ದ ಒಂದು ತಿದ್ದುಪಡಿ. ನಮ್ಮ ನಾಟಕದಲ್ಲಿ ಅದ್ರಾಮಾಕರದು ನಗಿಸುವ ಅಂಚೆಯವನ ಪಾತ್ರ. ಒಂದು ದೃಶ್ಯದಲ್ಲಿ ಮಾತ್ರ ಅವರು ಓದು ಬಾರದ ಹೆಂಗಸಿಗೆ ಗಂಡನ ಕಾಗದ ಓದಿ ಹೇಳಬೇಕು. ಅಭ್ಯಾಸದ ದಿನವೇ ಬೆಂಚಿನಲ್ಲಿದ್ದವರೆಲ್ಲ ಕಣ್ಣೊರಸಿಕೊಂಡರು. ಅದರ ಬೆನ್ನಿಗೇ ನಾಯಕನಾದ ನಾನು ಬಂದು ಒಂದು ಪುಟ ಮಾತಾಡಿದೆ. ಒಬ್ಬನೂ ತಲೆ ಎತ್ತಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ದೃಶ್ಯ ತೆಗೆದೆ, 'ಕಾರಣ: ಸಮಯದ ಅಭಾವ' ಎಂದು ಬರೆದು ನನ್ನ ತ್ರಿಕೋನ ಹಾಕಿದೆ.

ಅದ್ರಾಮಾಕ ಸಿಟ್ಟಾದದ್ದು ನಿರ್ದೇಶಕ ಶೀನಪ್ಪಣ್ಣನ ಮೇಲೆ. ಅದುವರೆಗೆ ದಿನವೂ ಚಹಾದಂಗಡಿಯಲ್ಲಿ ಒಂದು ಚಹಾವನ್ನು ಎರಡು ಗ್ಲಾಸು ಮಾಡಿ ಕುಡಿಯುತ್ತಿದ್ದ ಇಬ್ಬರೂ ಮುಖ ತಿರುಗಿಸಿಕೊಂಡರು. "ನಾನಲ್ಲ ಮಾರಾಯ" ಎಂದು ಶೀನಪ್ಪಣ್ಣ ಹೇಳಿದ್ದನ್ನು ಯಾರೂ ನಂಬಲಿಲ್ಲ. ಪಕ್ಕದ ಬೆಂಚಿನಲ್ಲೇ ಕೂತು ನಾನು ಇಡೀ ಗ್ಲಾಸು ಚಹಾ ಕುಡಿಯುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

ಒಂದು ದಿನ ಅದ್ರಾಮಾಕ ಪುಸ್ತಕ ಹಿಡಿದು ಚಹಾದಂಗಡಿಗೆ ಬಂದರು.

"ಮಾಷ್ಟ್ರೆ, ನೀವು ಬರೆದ ಹಾಗೆಯೇ ನೋಡಿದೆ. ಹಿಂದಿನಿಂದ ತೆರೆದೆ, ನೀಲಿ ನೂಲು ಹಿಡಿದೆ, ಸೀದಾ ಇಲ್ಲಿಗೆ ಬಂತು. ಈ ತ್ರಿಕೋನ ಯಾರದ್ದು? ಅದು ನೋಡುದು ಹೇಗೆ ಅಂತ ನಿಮ್ಮ ಕಾಗದದಲ್ಲಿ ಇಲ್ಲವಲ್ಲ ಮಾರಾಯ್ರೆ?"

ನನ್ನ ಹಾಳೆ ಅಷ್ಟು ಚೆನ್ನಾಗಿ ಕೆಲಸ ಮಾಡೀತೆಂದು ನಾನೇ ಎಣಿಸಿರಲಿಲ್ಲ. ಪೆನ್ನು ತೆಗೆದು ಕೊನೆಯ ಸಾಲು ಸೇರಿಸಿದೆ: 'ತಿದ್ದಿದವರು ಯಾರೆಂದು ತಿಳಿಯಲು ಹೊದಿಕೆ ಬಿಚ್ಚಿ.' ಅವರು ಬಿಚ್ಚಿದರು. ಪಟ್ಟಿಯಲ್ಲಿ ಬೆರಳು ನನ್ನ ಹೆಸರಿನ ಮೇಲೆ ನಿಂತಿತು.

"ಸಮಯ ಇರಲಿಲ್ಲವಾ?"

"ಇತ್ತು" ಎಂದೆ.

"ಹಾಗಾದ್ರೆ ಸರಿಯಾಗಿ ಬರೀರಿ."

ಕೆಳಗೆ ಹೊಸ ಸಾಲು ಬರೆದೆ: 'ದೃಶ್ಯ ಮತ್ತೆ ಸೇರಿಸಿದೆ. ಅಂದು ತೆಗೆದ ನಿಜವಾದ ಕಾರಣ: ಅದ್ರಾಮಾಕರ ಅಭಿನಯ ನನ್ನದಕ್ಕಿಂತ ಚೆನ್ನಾಗಿತ್ತು.' ಅದನ್ನು ಅವರು ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿದರು. ಆಮೇಲೆ ಆಚೆ ಮೂಲೆಯ ಬೆಂಚಿನ ಕಡೆ ತಿರುಗಿ, "ಶೀನಪ್ಪಣ್ಣ, ಇಲ್ಲಿ ಬನ್ನಿ! ಮಾಷ್ಟ್ರು ಬರೆದದ್ದು ನೀವೂ ಒಮ್ಮೆ ಕೇಳಿ" ಎಂದರು. ಮೂರನೆಯ ಸಲ ಓದಿದೆ. ಒಂದು ಚಹಾ ಬಂತು, ಎರಡು ಗ್ಲಾಸಾಯಿತು.

ಆ ವರ್ಷ ನಾಟಕದಲ್ಲಿ ಊರೆಲ್ಲ ಅತ್ತಿತು. ನನ್ನ ಮಾತಿಗೆ ಆಗಲೂ ಯಾರೂ ತಲೆ ಎತ್ತಲಿಲ್ಲ. ಮರುದಿನ ಪುಸ್ತಕವನ್ನು ಕ್ರಮದಂತೆ ಹಿಂದಿನಿಂದ ತೆರೆದರೆ ಹೊಸದೊಂದು ಸಾಲು: 'ನಾಯಕನ ಮಾತು ಅರ್ಧಕ್ಕೆ ಇಳಿಸಿದೆ. ಕಾರಣ: ಸಮಯದ ಅಭಾವ.' ಪಕ್ಕದಲ್ಲೊಂದು ಕತ್ತರಿ. ಹೊದಿಕೆ ಬಿಚ್ಚುವ ಅಗತ್ಯ ಬೀಳಲಿಲ್ಲ.